ಒತ್ತಿದರೂ ತಿರುಗದ ಡ್ರಿಲ್: ಪ್ಲಗ್ಗಿನಿಂದ ಕಾರ್ಬನ್ನಿನವರೆಗೆ ದೋಷ ಹುಡುಕುವ ಬಗೆ

ಕಾರವಾರದ ರವಿವಾರದ ಸಂತೆಗೆ ಹೋದಾಗಲೆಲ್ಲ ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯ ಹಿಂಬದಿಯ ಕಪಾಟನ್ನು ತಡಕಿ ಬರುವುದು ನನಗೆ ರೂಢಿ. ಮಾರಾಟವಾಗದೆ ಉಳಿದ ಸಾಮಾನುಗಳೆಲ್ಲ ಅಲ್ಲಿ ಬಿದ್ದಿರುತ್ತವೆ: ಡಬ್ಬಿ ಕಳೆದುಕೊಂಡ ಡ್ರಿಲ್ ಬಿಟ್ಟುಗಳು, ತುಕ್ಕು ಹಿಡಿದ ಬೆಂಚ್ ವೈಸು, ಹಿಡಿಕೆಯಿಲ್ಲದ ಅರಗಳು. ಕಳೆದ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಅಲ್ಲಿಂದ 13 ಮಿಲಿಮೀಟರ್ ಚಕ್ಕಿನ (ಬಿಟ್ಟು ಕಚ್ಚಿ ಹಿಡಿಯುವ ಬಾಯಿ) ಹ್ಯಾಮರ್ ಡ್ರಿಲ್ ಒಂದನ್ನು 900 ರೂಪಾಯಿಗೆ ತಂದೆ. ರಟ್ಟಿನ ಪೆಟ್ಟಿಗೆಗೆ ಗೆದ್ದಲು ಹಿಡಿದಿತ್ತು, ಯಂತ್ರ ಹೊಸದಾಗಿಯೇ ಇತ್ತು. “ಇಲ್ಲೇ ಓಡಿಸಿ ನೋಡಿ ಮಾರಾಯರೇ. ಓಡಿದರೆ ಒಯ್ಯಿರಿ, ನಾಳೆ ನಿಂತರೆ ನನ್ನನ್ನು ಕೇಳಬಾರದು” ಎಂದು ಅಂಗಡಿಯವರು ಮೊದಲೇ ಹೇಳಿದ್ದರು. ಅಂಗಡಿಯಲ್ಲಿ ಓಡಿತು. ಕುಮಟೆಯ ಮನೆಯಲ್ಲಿ ಎರಡು ದಿನ ಓಡಿತು. ಮೂರನೆಯ ದಿನ ಚಿರೆಕಲ್ಲಿನ ಗೋಡೆಗೆ ನಾಲ್ಕನೆಯ ತೂತು ಕೊರೆಯುವಾಗ ಒಮ್ಮೆ ಮುಗ್ಗರಿಸಿ ನಿಂತುಬಿಟ್ಟಿತು. ಸ್ವಿಚ್ ಒತ್ತಿದರೆ ಸದ್ದಿಲ್ಲ, ವಾಸನೆಯಿಲ್ಲ, ಕಿಡಿಯೂ ಇಲ್ಲ.

ಅದನ್ನು ಮತ್ತೆ ಓಡಿಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಡುವೆ ಒಂದು ಕಡೆ ದಾರಿ ತಪ್ಪಿ, ಬೇಡದ ಸ್ವಿಚ್ಚಿಗೆ 350 ರೂಪಾಯಿ ಕೊಟ್ಟೆ. ಅದನ್ನೂ ಬರೆಯುತ್ತೇನೆ, ಏಕೆಂದರೆ ಮಲ್ಟಿಮೀಟರ್ (ವೋಲ್ಟೇಜ್, ರೋಧ ಅಳೆಯುವ ಸಾಧನ) ಕೈಯಲ್ಲಿ ಹಿಡಿದವರಲ್ಲಿ ಬಹಳ ಜನ ಅದೇ ಜಾಗದಲ್ಲಿ ಎಡವುತ್ತಾರೆ.

ಯಂತ್ರ ನಿಂತ ಕೂಡಲೇ ನಮ್ಮಲ್ಲಿ ಬರುವ ಮೊದಲ ಮಾತು “ಮೋಟಾರ್ ಸುಟ್ಟಿದೆ” ಎಂಬುದು. ನನ್ನ ಹಳೆಯ ಕೊಟ್ಟಿಗೆಗೆ, ಅಂದರೆ ಈಗಿನ ಕೆಲಸದ ಕೋಣೆಗೆ, ಅಕ್ಕಪಕ್ಕದವರು ತಂದುಕೊಟ್ಟ ಡ್ರಿಲ್, ಗ್ರೈಂಡರ್, ಮಿಕ್ಸರ್‌ಗಳಲ್ಲಿ ನಿಜವಾಗಿ ವೈಂಡಿಂಗ್, ಅಂದರೆ ಮೋಟಾರಿನ ತಂತಿಯ ಸುರುಳಿ, ಸುಟ್ಟಿದ್ದವು ಬೆರಳೆಣಿಕೆಯಷ್ಟು. ವೈಂಡಿಂಗ್ ಸುಟ್ಟರೆ ಅದು ಗುಟ್ಟಾಗಿ ಉಳಿಯುವುದಿಲ್ಲ. ವಾರ್ನಿಷ್ ಕರಕಲಾದ ಘಾಟು ವಾಸನೆ ವಾರಗಟ್ಟಲೆ ಯಂತ್ರದೊಳಗೇ ಇರುತ್ತದೆ. ಸದ್ದು ವಾಸನೆ ಎರಡೂ ಇಲ್ಲದೆ ನಿಂತ ಯಂತ್ರದಲ್ಲಿ ಸಾಮಾನ್ಯವಾಗಿ ವಿದ್ಯುತ್ತಿನ ದಾರಿ ಎಲ್ಲೋ ಕಡಿದಿರುತ್ತದೆ. ಕರಾವಳಿಯಲ್ಲಿ ಆ ದಾರಿಯನ್ನು ಕಡಿಯುವುದು ಮುಖ್ಯವಾಗಿ ಉಪ್ಪು. ಗಾಳಿಯ ತೇವಾಂಶ ಶೇಕಡಾ 75 ದಾಟಿತೆಂದರೆ ಉಪ್ಪು ತಾನಾಗಿ ನೀರು ಎಳೆದುಕೊಂಡು ಕರಗುತ್ತದೆ. ಆಷಾಢದಲ್ಲಿ ಅಡುಗೆಮನೆಯ ಸಾಣಿಕಟ್ಟಾ ಉಪ್ಪಿನ ಭರಣಿ ನೀರೊಡೆಯುವುದು ಇದೇ ಕಾರಣಕ್ಕೆ. ಗಾಳಿಯಲ್ಲಿ ಬಂದು ಕುಳಿತ ಅದೇ ಉಪ್ಪು ಸ್ವಿಚ್ಚಿನ ಬಿಲ್ಲೆಯ ಮೇಲೆ, ಕಾರ್ಬನ್ ಕೂರುವ ಹಿತ್ತಾಳೆಯ ಹೋಲ್ಡರ್‌ನ ಒಳಗೆ ಹಾಗೆಯೇ ನೀರೊಡೆದು ಹಸಿರು ಕಿಲುಬು ಕಟ್ಟುತ್ತದೆ. ಆದ್ದರಿಂದ ಸಮುದ್ರದ ಬದಿಯ ಊರಿನಲ್ಲಿ ಬಳಸದೆ ಇಟ್ಟ ಯಂತ್ರವೂ ಕೆಡುತ್ತದೆ. ನಾಲ್ಕು ಮಳೆಗಾಲ ಕಪಾಟಿನಲ್ಲೇ ಕಳೆದ ಹೊಸ ಡ್ರಿಲ್, ದಿನವೂ ದುಡಿದ ಹಳೆಯ ಡ್ರಿಲ್ಲಿಗಿಂತ ಹೆಚ್ಚು ಕೆಟ್ಟಿರಬಹುದು.

ವಿದ್ಯುತ್ತಿನ ದಾರಿ ಹೇಗಿದೆ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕೈಡ್ರಿಲ್, ಗ್ರೈಂಡರ್, ಮಿಕ್ಸರ್, ಮರ ಕೆರೆಯುವ ಪ್ಲೇನರ್, ಎಲ್ಲದರಲ್ಲೂ ಇರುವುದು ಒಂದೇ ಜಾತಿಯ ಮೋಟಾರ್. ಪ್ಲಗ್ಗಿನ ಒಂದು ಕಾಲಿನಿಂದ ಹೊರಟ ವಿದ್ಯುತ್ತು ವೈರಿನಲ್ಲಿ ಬಂದು, ಸ್ವಿಚ್ ದಾಟಿ, ಒಂದು ಫೀಲ್ಡ್ ಕಾಯಿಲ್ (ಕದಲದೆ ಕೂತ ತಂತಿಯ ಸುರುಳಿ) ಸುತ್ತಿ, ಒಂದು ಕಾರ್ಬನ್ (ಸ್ಪ್ರಿಂಗ್ ಒತ್ತಿ ಹಿಡಿಯುವ ಕಪ್ಪು ತುಂಡು) ಮೂಲಕ ಮೋಟಾರಿನ ತಿರುಗುವ ಭಾಗವಾದ ಆರ್ಮೇಚರ್‌ಗೆ ಇಳಿಯುತ್ತದೆ. ಎದುರಿನ ಕಾರ್ಬನ್ನಿನಿಂದ ಹೊರಬಂದು ಇನ್ನೊಂದು ಫೀಲ್ಡ್ ಕಾಯಿಲ್ ಸುತ್ತಿ ಪ್ಲಗ್ಗಿನ ಇನ್ನೊಂದು ಕಾಲಿಗೆ ಮರಳುತ್ತದೆ. ಒಂದೇ ದಾರದಲ್ಲಿ ಪೋಣಿಸಿದ ಹೂವಿನ ಹಾಗೆ. ಎಲ್ಲಿ ಕಡಿದರೂ ಇಡೀ ಯಂತ್ರ ನಿಲ್ಲುತ್ತದೆ, ಆದರೆ ಕಡಿದಿರುವುದು ಒಂದೇ ಜಾಗದಲ್ಲಿ. ಹೊರಗಿನಿಂದ ಒಳಕ್ಕೆ ಒಂದೊಂದೇ ಗಂಟನ್ನು ಮುಟ್ಟಿ ನೋಡುತ್ತ ಹೋದರೆ ಅದು ಸಿಗಲೇಬೇಕು.

ಬಿಚ್ಚುವ ಮೊದಲು

ಪ್ಲಗ್ ಕಿತ್ತಿಟ್ಟು ಚಕ್ಕನ್ನು ಕೈಯಿಂದ ತಿರುಗಿಸಿ. ಮೆತ್ತಗೆ, ಗೇರಿನ ಸಣ್ಣ ಕರಕರ ಸದ್ದಿನೊಂದಿಗೆ ತಿರುಗಿದರೆ ಯಂತ್ರದ ಅಂಗಗಳು ಸರಿಯಿವೆ. ಬಿಗಿದು ಕುಳಿತಿದ್ದರೆ ಬೇರಿಂಗ್ ತುಕ್ಕು ಹಿಡಿದಿದೆ ಅಥವಾ ಗೇರಿನಲ್ಲಿ ಏನೋ ಸಿಕ್ಕಿಕೊಂಡಿದೆ. ಸ್ವಿಚ್ ಒತ್ತಿದಾಗ ಗುಂಯ್ ಎಂದು ಮೊರೆದು ತಿರುಗದೆ ಇರುವ ಯಂತ್ರಕ್ಕೂ, ಏನೂ ಸದ್ದು ಮಾಡದ ಯಂತ್ರಕ್ಕೂ ಬಹಳ ಅಂತರವಿದೆ. ಮೊರೆಯುವುದಾದರೆ ವಿದ್ಯುತ್ತಿನ ದಾರಿ ಕಡಿದಿಲ್ಲ ಎಂದೇ ಅರ್ಥ. ಆಗ ತಕ್ಷಣ ಸ್ವಿಚ್ ಬಿಟ್ಟು ಬೇರಿಂಗ್, ಗೇರು, ಆರ್ಮೇಚರ್ ಕಡೆ ನೋಡಬೇಕು. ಸದ್ದೇ ಇಲ್ಲದಿದ್ದರೆ ಈ ಬರಹದ ಕ್ರಮ ಹಿಡಿಯಿರಿ.

ಬಲಕ್ಕೂ ಎಡಕ್ಕೂ ತಿರುಗುವ ಡ್ರಿಲ್ಲಾದರೆ ದಿಕ್ಕು ಬದಲಿಸುವ ಗುಂಡಿ ಪೂರ್ತಿ ಒಂದು ಕಡೆಗೆ ಸರಿದಿದೆಯೇ ನೋಡಿ. ನಡುವೆ ನಿಂತಿದ್ದರೆ ಬಹಳಷ್ಟು ಡ್ರಿಲ್‌ಗಳಲ್ಲಿ ಸ್ವಿಚ್ ಒತ್ತಲಿಕ್ಕೇ ಬರುವುದಿಲ್ಲ. ಒಂದು ದಿಕ್ಕಿಗೆ ಓಡಿ ಇನ್ನೊಂದಕ್ಕೆ ಓಡದಿದ್ದರೆ ಮೋಟಾರ್ ಚೆನ್ನಾಗಿದೆ. ಆ ಗುಂಡಿಯ ಸಂಪರ್ಕದ ಬಿಲ್ಲೆಗಳಷ್ಟೇ ಕೊಳೆಯಾಗಿವೆ. ಹತ್ತು ಬಾರಿ ಅತ್ತಿತ್ತ ಸರಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಗೋಡೆಯ ಸಾಕೆಟ್ಟನ್ನು ನೋಡಲು ಟೆಸ್ಟರ್ ಸಾಲದು, ಎಲ್‌ಇಡಿ ಬಲ್ಬೂ ಸಾಲದು. ನ್ಯೂಟ್ರಲ್ ಕಡಿದಿದ್ದರೂ ಟೆಸ್ಟರ್ ಹೊತ್ತಿಕೊಳ್ಳುತ್ತದೆ. ಎಲ್‌ಇಡಿ ಬಲ್ಬು ಎಳೆಯುವ ವಿದ್ಯುತ್ತು ಎಷ್ಟು ಕಡಿಮೆಯೆಂದರೆ ಸಡಿಲ ಬಿದ್ದ, ಕಿಲುಬು ಹಿಡಿದ ಸಾಕೆಟ್ಟಿನಲ್ಲೂ ಅದು ಚೆನ್ನಾಗಿ ಉರಿಯುತ್ತದೆ. ಅದೇ ಸಾಕೆಟ್ಟಿಗೆ ಇಸ್ತ್ರಿ ಪೆಟ್ಟಿಗೆ ಹಾಕಿ. ಅದು ಎಂದಿನಂತೆ ಕಾದರೆ ಸಾಕೆಟ್ ಸರಿಯಿದೆ. ಎಕ್ಸ್‌ಟೆನ್ಷನ್ ಬೋರ್ಡನ್ನೂ ಹೀಗೆಯೇ ಪರೀಕ್ಷಿಸಬೇಕು.

ವೈರು ಮತ್ತು ಸೀರೀಸ್ ಬಲ್ಬು

ಇಲ್ಲಿಂದ ಮುಂದೆ ನನ್ನ ಬಲಗೈ ಸೀರೀಸ್ ಬಲ್ಬು. ಮರದ ಹಲಗೆಯ ಮೇಲೆ ಒಂದು ಬಲ್ಬು ಹೋಲ್ಡರ್, ಒಂದು ಸಾಕೆಟ್. ಫೇಸ್ ವೈರು ಮೊದಲು ಬಲ್ಬಿಗೆ ಹೋಗಿ ಅಲ್ಲಿಂದ ಸಾಕೆಟ್ಟಿಗೆ ಬರುವಂತೆ ಜೋಡಣೆ. ಬಲ್ಬು 100 ವ್ಯಾಟಿನ ಹಳೆಯ ತಂತಿ ಬಲ್ಬೇ ಆಗಬೇಕು, ಎಲ್‌ಇಡಿ ಕೆಲಸಕ್ಕೆ ಬಾರದು. ಈಗ ಅಂಥ ಬಲ್ಬು ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. ಕಂಡಾಗ ಎರಡು ತಂದಿಡುವುದು ಒಳ್ಳೆಯದು. ಈ ಹಲಗೆಗೆ ಯಾವ ಯಂತ್ರವನ್ನು ಸಿಕ್ಕಿಸಿದರೂ ಅರ್ಧ ಆಂಪಿಯರ್‌ಗಿಂತ ಹೆಚ್ಚು ಹರಿಯುವುದಿಲ್ಲ, ಆದ್ದರಿಂದ ಶಾರ್ಟ್ ಆಗಿದ್ದರೂ ಫ್ಯೂಸ್ ಹಾರದು, ಯಂತ್ರ ಇನ್ನಷ್ಟು ಕೆಡದು. ಆದರೆ ಮನುಷ್ಯನಿಗೆ ಇದರಿಂದ ರಕ್ಷಣೆಯಿಲ್ಲ. ಅರ್ಧ ಆಂಪಿಯರ್ ಜೀವ ತೆಗೆಯಲು ಧಾರಾಳ ಸಾಕು. ಹಲಗೆಗೆ ವಿದ್ಯುತ್ತು ಇರುವಾಗ ಬಿಚ್ಚಿದ ಯಂತ್ರವನ್ನು ಮುಟ್ಟಬೇಡಿ. ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ತು ಸೋರಿದ ಕೂಡಲೇ ತಾನಾಗಿ ಕಡಿಯುವ ಸ್ವಿಚ್) ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕುವ ಮೊದಲು ಅದನ್ನು ಹಾಕಿಸಿ.

ಡ್ರಿಲ್ಲನ್ನು ಹಲಗೆಗೆ ಸಿಕ್ಕಿಸಿ, ಸ್ವಿಚ್ ಒತ್ತದೆ ನೋಡಿ. ಆಗಲೇ ಬಲ್ಬು ಪೂರ್ತಿ ಉರಿದರೆ ವೈರಿನಲ್ಲೋ, ಸ್ವಿಚ್ಚಿನ ಹಿಂದೆ ಕೂರಿಸಿದ ಸಣ್ಣ ಕಂಡೆನ್ಸರ್‌ನಲ್ಲೋ ಶಾರ್ಟ್ ಇದೆ. ಈಗ ಸ್ವಿಚ್ ಒತ್ತಿ. ಬಲ್ಬು ಉರಿದರೆ ದಾರಿ ಕೂಡಿದೆ. ಡ್ರಿಲ್ ತಿರುಗದೆ ಇರಬಹುದು, ಮೆಲ್ಲಗೆ ತಿರುಗಲೂಬಹುದು, ಎರಡೂ ಸರಿಯೇ. ಬಲ್ಬು ಉರಿಯದಿದ್ದರೆ ದಾರಿ ಕಡಿದಿದೆ. ಸ್ವಿಚ್ ಒತ್ತಿ ಹಿಡಿದೇ, ಯಂತ್ರದ ಹಿಡಿಕೆಯೊಳಗೆ ವೈರು ಹೋಗುವಲ್ಲಿರುವ ರಬ್ಬರಿನ ಕೊಳವೆಯ ಬಳಿ ವೈರನ್ನು ಬಗ್ಗಿಸಿ, ಒಳಕ್ಕೆ ತಳ್ಳಿ, ತಿರುಚಿ ನೋಡಿ. ಬಲ್ಬು ಮಿಣುಕಿದರೆ ಒಳಗಿನ ಎಳೆಗಳು ಅಲ್ಲಿಯೇ ತುಂಡಾಗಿವೆ. ದಿನವೂ ವೈರು ಹಿಡಿದು ಡ್ರಿಲ್ಲನ್ನು ಜೋತಾಡಿಸುವ ಮನೆಗಳಲ್ಲಿ ಮೊದಲು ಸೋಲುವುದು ಆ ನಾಲ್ಕು ಬೆರಳಿನಷ್ಟು ಜಾಗ. ಅಷ್ಟನ್ನು ಕತ್ತರಿಸಿ ಉಳಿದದ್ದನ್ನು ಒಳಗೆ ಎಳೆದು ಜೋಡಿಸಿದರೆ ಮುಗಿಯಿತು.

ಅಗ್ಗದ ಯಂತ್ರದ ವೈರಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಒಳಗಿನ ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆಂಪು ಪದರ ಹೋಗಿ ಬಿಳಿ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಉಪ್ಪು ಗಾಳಿಯಲ್ಲಿ ಅದು ಸ್ಕ್ರೂ ಬಿಗಿದ ಜಾಗದಲ್ಲಿ ಬಿಳಿ ಪುಡಿಯಾಗುತ್ತ ಹೋಗುತ್ತದೆ. ಅಂಥ ವೈರನ್ನು ದುರಸ್ತಿ ಮಾಡುತ್ತ ಕೂರದೆ, 1 ಚದರ ಮಿಲಿಮೀಟರಿನ ಶುದ್ಧ ತಾಮ್ರದ ಎರಡೆಳೆ ವೈರು ಹಾಕಿಬಿಡಿ.

ನನ್ನ ಡ್ರಿಲ್ಲಿನಲ್ಲಿ ಬಲ್ಬು ಉರಿಯಲಿಲ್ಲ, ವೈರು ಬಗ್ಗಿಸಿದಾಗ ಮಿಣುಕಲೂ ಇಲ್ಲ.

ಸ್ವಿಚ್ಚಿನಲ್ಲಿ ನಾನು ದಾರಿ ತಪ್ಪಿದ್ದು

ಹಿಡಿಕೆ ಬಿಚ್ಚಿ, ಸ್ವಿಚ್ಚಿಗೆ ಬರುವ ಎರಡು ವೈರು, ಹೋಗುವ ಎರಡು ವೈರುಗಳ ನಡುವೆ ಮೀಟರ್ ಹಿಡಿದೆ. ಒಂದು ಕಡೆ ಸ್ವಿಚ್ ಒತ್ತಿದ ಕೂಡಲೇ, ದಾರಿ ಕೂಡಿದೆ ಎಂದು ಮೀಟರ್ ಬೀಪ್ ಎಂದಿತು. ಇನ್ನೊಂದು ಕಡೆ ಎಷ್ಟೇ ಒತ್ತಿದರೂ ಮೌನ. ಸ್ವಿಚ್ ಸತ್ತಿದೆ ಎಂದು ನಿರ್ಧರಿಸಿ ಹೊಸದನ್ನು ತಂದೆ. ಅದಕ್ಕೂ ಮೀಟರ್ ಹಿಡಿದರೆ ಅದೇ ಮೌನ. ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಸ್ವಿಚ್ಚೂ ಸತ್ತಿರಲು ಹೇಗೆ ಸಾಧ್ಯ?

ಕಾರಣ ಟ್ರಯಾಕ್. ಒತ್ತಿದಷ್ಟು ವೇಗ ಹೆಚ್ಚುವ ಸ್ವಿಚ್ಚುಗಳಲ್ಲಿ ಒಂದು ದಾರಿ ಬರೀ ಬಿಲ್ಲೆಗಳದ್ದು, ಇನ್ನೊಂದು ದಾರಿ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಬಿಡಿಭಾಗದ ಮೂಲಕ ಹೋಗುತ್ತದೆ. 230 ವೋಲ್ಟಿನ ವಿದ್ಯುತ್ತು ಬಂದು, ಅದರ ಪಕ್ಕದ ಸರ್ಕ್ಯೂಟ್ ಅದನ್ನು ಕೆಣಕಿದಾಗ ಮಾತ್ರ ಟ್ರಯಾಕ್ ಬಾಗಿಲು ತೆರೆಯುತ್ತದೆ. ಮೀಟರಿನ ಒಂದೆರಡು ವೋಲ್ಟಿಗೆ ಅದು ಮಿಸುಕುವುದಿಲ್ಲ. ಆದ್ದರಿಂದ ಚೆನ್ನಾಗಿರುವ ಸ್ವಿಚ್ಚೂ ಮೀಟರಿಗೆ ಕಡಿದ ಹಾಗೆಯೇ ಕಾಣುತ್ತದೆ. ಪೂರ್ತಿ ಒತ್ತಿದಾಗ ಟ್ರಯಾಕ್ ಬಿಟ್ಟು ನೇರವಾಗಿ ಕೂಡಿಸುವ ಬಿಲ್ಲೆ ಕೆಲವು ಸ್ವಿಚ್ಚುಗಳಲ್ಲಿರುತ್ತದೆ. ಅವುಗಳಲ್ಲಿ ಮಾತ್ರ ಕೊನೆಯಲ್ಲಿ ಬೀಪ್ ಕೇಳುತ್ತದೆ. ಇದೇ ಕಾರಣಕ್ಕೆ, ಪ್ಲಗ್ಗಿನ ಎರಡು ಕಾಲುಗಳಿಗೆ ಮೀಟರ್ ಹಿಡಿದು ಸ್ವಿಚ್ ಒತ್ತಿ “ಓಪನ್ ತೋರಿಸುತ್ತಿದೆ, ಮೋಟಾರ್ ಹೋಗಿದೆ” ಎಂದು ಹೇಳುವುದೂ ತಪ್ಪು. ವೇಗ ಬದಲಾಗದ, ಬರೀ ಆನ್ ಆಫ್ ಸ್ವಿಚ್ಚಿನ ಗ್ರೈಂಡರ್‌ಗಾದರೆ ಆ ಪರೀಕ್ಷೆ ನಡೆಯುತ್ತದೆ.

ಟ್ರಯಾಕ್ ಇರುವ ಸ್ವಿಚ್ಚನ್ನು ಪರೀಕ್ಷಿಸಲು ಅದಕ್ಕೆ ನಿಜವಾದ ವೋಲ್ಟೇಜನ್ನೇ ಕೊಡಬೇಕು. ಸ್ವಿಚ್ಚನ್ನು ಯಂತ್ರದಿಂದ ಕಳಚಿ, ಅದರಿಂದ ಮೋಟಾರಿಗೆ ಹೋಗುವ ಎರಡು ತುದಿಗಳಿಗೆ ಇನ್ನೊಂದು 100 ವ್ಯಾಟ್ ತಂತಿ ಬಲ್ಬು ಜೋಡಿಸಿ, ಬರಿಯ ತುದಿಗಳಿಗೆಲ್ಲ ಟೇಪು ಸುತ್ತಿ, ಆಮೇಲೆ ಪ್ಲಗ್ ಹಾಕಿ. ಮೆಲ್ಲಗೆ ಒತ್ತುತ್ತ ಹೋದಂತೆ ಬಲ್ಬು ಮಂಕಿನಿಂದ ಪ್ರಖರಕ್ಕೆ ಏರಿದರೆ ಸ್ವಿಚ್ ನಿರ್ದೋಷಿ. ಒತ್ತಿದ ಕೂಡಲೇ ಪೂರ್ತಿ ಬೆಳಕು ಬಂದರೆ ಟ್ರಯಾಕ್ ಶಾರ್ಟ್ ಆಗಿದೆ. ಅಂಥ ಡ್ರಿಲ್ ಓಡುತ್ತದೆ, ವೇಗ ಮಾತ್ರ ಹಿಡಿತಕ್ಕೆ ಬಾರದು. ನನ್ನ ಹಳೆಯ ಸ್ವಿಚ್ಚಿನಲ್ಲಿ ಬಲ್ಬು ಚೆನ್ನಾಗಿ ಏರಿತು, ಇಳಿಯಿತು. ಹೊಸದು ಇನ್ನೂ ಡಬ್ಬಿಯಲ್ಲಿದೆ.

ಕಾರ್ಬನ್

ಹೊರಗಿನಿಂದ ಒಳಕ್ಕೆ ಬರುತ್ತ ಬರುತ್ತ ಉಳಿದದ್ದು ಕಾರ್ಬನ್. ನನ್ನ ಯಂತ್ರದ ಎರಡು ಪಕ್ಕದಲ್ಲೂ ನಾಣ್ಯದ ಹಾಗೆ ಗುಂಡಗಿನ ಕಪ್ಪು ಮುಚ್ಚಳಗಳಿದ್ದವು. ಬಲಗಡೆಯದನ್ನು ಬಿಚ್ಚಿದೆ, ಸ್ಪ್ರಿಂಗ್ ತಾನೇ ಪುಟಿದು, ಹಿಂದೆಯೇ ಕಾರ್ಬನ್ ತುಂಡು ಜಾರಿ ಅಂಗೈಗೆ ಬಿತ್ತು. ಎಡಗಡೆಯದನ್ನು ಬಿಚ್ಚಿದೆ, ಮುಚ್ಚಳ ಬಂತು, ಸ್ಪ್ರಿಂಗ್ ಬಂತು, ಕಾರ್ಬನ್ನಿಗೆ ಕಟ್ಟಿದ ತಾಮ್ರದ ಜಡೆ ಬಿಗಿದು ನಿಂತಿತು. ಕಾರ್ಬನ್ ಬರಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಹಿತ್ತಾಳೆಯ ಚೌಕದ ಗೂಡಿನ ಅಂಚಿನಲ್ಲಿ ಹಸಿರು ಕಿಲುಬು. ಅದರ ಮೇಲೆ ಚಿರೆಕಲ್ಲಿನ ಕೆಂಪು ಧೂಳು, ಕಾರ್ಬನ್ನಿನ ಕಪ್ಪು ಪುಡಿ, ತೇವ ಮೂರೂ ಸೇರಿ ಗಟ್ಟಿಯಾದ ರಾಡಿ. ಜಡೆ ಹಿಡಿದು ಅಲುಗಾಡಿಸುತ್ತ ಎಳೆದಾಗ ಕಾರ್ಬನ್ ಕಿರ್ ಎಂದು ಹೊರಬಂತು. ಉದ್ದ ಇನ್ನೂ 11 ಮಿಲಿಮೀಟರ್ ಇತ್ತು. ಸವೆದು ಮುಗಿದದ್ದಲ್ಲ, ಸಿಕ್ಕಿಕೊಂಡದ್ದು.

ಅಂಗಡಿಯಲ್ಲಿ ಓಡಿದ ಯಂತ್ರ ಮನೆಯಲ್ಲಿ ಮೂರನೆಯ ದಿನ ಏಕೆ ನಿಂತಿತು ಎಂಬುದೂ ಇಲ್ಲಿಯೇ ತಿಳಿಯಿತು. ಕಾರ್ಬನ್ ತಿರುಗುವ ತಾಮ್ರಕ್ಕೆ ಉಜ್ಜುತ್ತ ಸವೆಯುತ್ತದೆ. ಸವೆದಷ್ಟು ಸ್ಪ್ರಿಂಗ್ ಅದನ್ನು ಮುಂದೆ ತಳ್ಳಬೇಕು. ಅಂಗಡಿಯಲ್ಲಿ ಓಡಿಸಿದಾಗ ಅದು ಗೂಡಿನಲ್ಲಿ ಹಿಡಿದುಕೊಂಡಿದ್ದರೂ ತುದಿ ತಾಮ್ರಕ್ಕೆ ತಾಗಿಯೇ ಇತ್ತು. ಎರಡು ದಿನದ ಕೆಲಸದಲ್ಲಿ ಕೂದಲೆಳೆಯಷ್ಟು ಸವೆಯಿತು, ಮುಂದೆ ಸರಿಯಲಿಲ್ಲ, ನಡುವೆ ಸಣ್ಣ ಸಂದು ಬಿತ್ತು. ಒಂದು ಕಡೆಯ ಆ ಸಂದಿನಿಂದ ಇಡೀ ಯಂತ್ರ ನಿಂತಿತು. ನಿಂತ ಡ್ರಿಲ್ಲಿನ ಬೆನ್ನಿಗೆ ಮರದ ಹಿಡಿಕೆಯಿಂದ ಮೆಲ್ಲಗೆ ತಟ್ಟಿದಾಗ ಒಮ್ಮೆ ಓಡಿ ಮತ್ತೆ ನಿಲ್ಲುವುದು ಈ ದೋಷದ ಸ್ಪಷ್ಟ ಗುರುತು.

ಗೂಡನ್ನು ಚೊಕ್ಕ ಮಾಡಲು ತೆಂಗಿನ ಗರಿಯ ಪೊರಕೆಕಡ್ಡಿಗಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಅದಕ್ಕೆ ಹತ್ತಿಬಟ್ಟೆ ಸುತ್ತಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಬಟ್ಟೆ ಬಿಳಿಯಾಗಿ ಬರುವವರೆಗೆ ಒರೆಸಿದೆ. ಕಬ್ಬಿಣದ ಮೊಳೆ ಹಾಕಿ ಕೆರೆದರೆ ಹಿತ್ತಾಳೆಯಲ್ಲಿ ಗೀರು ಬಿದ್ದು ಕಾರ್ಬನ್ ಮತ್ತೆ ಅಲ್ಲಿಯೇ ಸಿಕ್ಕುತ್ತದೆ. ಕಾರ್ಬನ್ನಿನ ನಾಲ್ಕು ಬದಿಗಳನ್ನು ಗಾಜಿನ ಮೇಲೆ ಹಾಸಿದ ನಯವಾದ ಮರಳುಕಾಗದದ ಮೇಲೆ ಎರಡೆರಡು ಸಲ ಎಳೆದೆ. ಈಗ ಗೂಡಿನೊಳಗೆ ಬಿಟ್ಟರೆ ತನ್ನ ಭಾರಕ್ಕೇ ಜಾರಬೇಕು, ಹಾಗೆಂದು ಅತ್ತಿತ್ತ ಗಡಗಡ ಅಲುಗಾಡಲೂಬಾರದು.

ಇಲ್ಲಿ ಯಾವ ಕಾರಣಕ್ಕೂ ತೆಂಗಿನೆಣ್ಣೆ ಹಾಕಬೇಡಿ. ಬಾಗಿಲ ಕೀಲಿನಿಂದ ಹೊಲಿಗೆ ಯಂತ್ರದವರೆಗೆ ಎಲ್ಲಕ್ಕೂ ಒಂದು ತೊಟ್ಟು ತೆಂಗಿನೆಣ್ಣೆ ಬಿಡುವುದು ನಮ್ಮ ಮನೆಗಳ ವಾಡಿಕೆ. ಕಾರ್ಬನ್ ಗೂಡಿಗೆ ಬಿಟ್ಟರೆ ಅದು ಪುಡಿಯೊಂದಿಗೆ ಕಲೆತು ಕಪ್ಪು ಮುಲಾಮಾಗುತ್ತದೆ, ವಿದ್ಯುತ್ತು ಬೇಡದ ಕಡೆ ಹರಿಯಲು ದಾರಿಯಾಗುತ್ತದೆ.

ಸ್ಪ್ರಿಂಗ್ ನೀಲಿಗಟ್ಟಿದ್ದರೆ ಅದು ಕಾದು ಬಿಗುವು ಕಳೆದುಕೊಂಡಿದೆ, ಬದಲಿಸಿ. ಕಾರ್ಬನ್ 5 ಮಿಲಿಮೀಟರಿಗಿಂತ ಗಿಡ್ಡವಾಗಿದ್ದರೂ ಬದಲಿಸಿ, ಯಾವಾಗಲೂ ಜೋಡಿಯಾಗಿಯೇ. ಅಂಗಡಿಗೆ ಹಳೆಯ ತುಂಡನ್ನು ಒಯ್ದು ಅಗಲ, ದಪ್ಪ, ಮುಚ್ಚಳದ ಆಕಾರ ಹೋಲಿಸಿ ತನ್ನಿ. ಸರಿಯಾದ ಅಳತೆ ಸಿಗದಿದ್ದರೆ ತುಸು ದೊಡ್ಡದನ್ನು ತಂದು ಮರಳುಕಾಗದದ ಮೇಲೆ ಉಜ್ಜಿ ಇಳಿಸಬಹುದು. ಚಿಕ್ಕದನ್ನು ಹಾಕಬಾರದು, ಅದು ಗೂಡಿನಲ್ಲಿ ಓರೆಯಾಗಿ ನಿಂತು ಕಿಡಿ ಹಾರಿಸುತ್ತದೆ. ಹೊಸ ಕಾರ್ಬನ್ ಹಾಕಿದ ಮೇಲೆ ಹತ್ತು ನಿಮಿಷ ಬರಿದೇ ಓಡಿಸಿ, ತುದಿ ತಾಮ್ರದ ದುಂಡಗಿನ ಮೈಗೆ ಹೊಂದಿಕೊಳ್ಳಲಿ.

ಶಿರಸಿಯ ಭಾವನ ಗ್ರೈಂಡರ್ ನಿಂತಾಗ ಕಾರಣ ಕಾರ್ಬನ್ನೇ ಆಗಿದ್ದರೂ ಬಗೆ ಬೇರೆ. ಘಟ್ಟದ ಮೇಲೆ ಮಳೆ ಉಂಟು, ಉಪ್ಪಿಲ್ಲ. ಗೂಡಿನಲ್ಲಿ ಕಿಲುಬಿನ ಸುಳಿವೇ ಇರಲಿಲ್ಲ. “ಮುಂಜಾನೆ ಚೆನ್ನಾಗಿತ್ತು ಭಾವ, ಕತ್ತಿ ಮಸೆಯುತ್ತಿದ್ದ ಹಾಗೆಯೇ ನಿಂತಿತು” ಎಂದ. ಕೆಲವು ಕಾರ್ಬನ್ನುಗಳ ಹೊಟ್ಟೆಯೊಳಗೆ ಪ್ಲಾಸ್ಟಿಕ್ಕಿನ ಸಣ್ಣ ಮೊಳೆಯೂ ಸ್ಪ್ರಿಂಗೂ ಅಡಗಿರುತ್ತವೆ. ಕಾರ್ಬನ್ ಮಿತಿಗೆ ಸವೆದಾಗ ಆ ಮೊಳೆ ಹೊರಚಾಚಿ ಕಾರ್ಬನ್ನನ್ನು ತಾಮ್ರದಿಂದ ಮೇಲಕ್ಕೆತ್ತಿ ಯಂತ್ರವನ್ನು ನಿಲ್ಲಿಸುತ್ತದೆ. ಆರ್ಮೇಚರ್ ಹಾಳಾಗದಿರಲಿ ಎಂದು ಮಾಡಿದ ಏರ್ಪಾಟು ಅದು. ಒಂದು ಜೊತೆ ಹೊಸ ಕಾರ್ಬನ್ ಹಾಕಿದೆವು, ಕೆಲಸ ಮುಗಿಯಿತು.

ಕಿಡಿ ಹೆಚ್ಚಾಗಿದ್ದರೆ

ಕಾರ್ಬನ್ ತೆಗೆದಾಗ ಆ ಕಿಂಡಿಯಿಂದಲೇ ಕಮ್ಯುಟೇಟರ್ ಕಾಣುತ್ತದೆ, ಅಂದರೆ ಆರ್ಮೇಚರ್ ತುದಿಯಲ್ಲಿ ಸುತ್ತಲೂ ಜೋಡಿಸಿದ ತಾಮ್ರದ ಪಟ್ಟಿಗಳು. ಚಕ್ಕನ್ನು ತಿರುಗಿಸುತ್ತ ಎಲ್ಲ ಪಟ್ಟಿಗಳನ್ನೂ ನೋಡಿ. ಬೆಲ್ಲದ ಬಣ್ಣದ ನಯವಾದ ಹೊಳಪು ಇದ್ದರೆ ಅದು ಆರೋಗ್ಯದ ಲಕ್ಷಣ, ಮುಟ್ಟಬೇಡಿ. ಎಲ್ಲವೂ ಮಸಿಯಾಗಿದ್ದರೆ ನಯವಾದ ಮರಳುಕಾಗದದ ಪಟ್ಟಿಯನ್ನು ಆನಿಸಿ, ಕೈಯಿಂದ ಆರ್ಮೇಚರ್ ತಿರುಗಿಸಿ ಒರೆಸಿ. ಎಮರಿ ಕಾಗದ ಬೇಡ. ಅದರ ಕಣಗಳು ಪಟ್ಟಿಗಳ ನಡುವಿನ ಸಂದಿನಲ್ಲಿ ಹೂತುಕೊಂಡು ಕೇಡು ಮಾಡುತ್ತವೆ. ಆಮೇಲೆ ಸಂದುಗಳನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಚೊಕ್ಕ ಮಾಡಿ.

ಓಡುವಾಗ ಕಾರ್ಬನ್ನಿನ ಬುಡದಲ್ಲಿ ಸಣ್ಣ ನೀಲಿ ಕಿಡಿ ಸಹಜ. ಕಿತ್ತಳೆ ಬಣ್ಣದ ಕಿಡಿ ಕಮ್ಯುಟೇಟರ್ ಸುತ್ತ ಬಳೆಯ ಹಾಗೆ ಸುತ್ತಿದರೆ, ಅಥವಾ ಒಂದೆರಡು ಪಟ್ಟಿಗಳು ಮಾತ್ರ ಸುಟ್ಟು ಕುಳಿ ಬಿದ್ದಿದ್ದರೆ ಆರ್ಮೇಚರ್ ಒಳಗಿನ ಸುರುಳಿ ಕಡಿದಿದೆ ಅಥವಾ ಶಾರ್ಟ್ ಆಗಿದೆ. ಇದನ್ನು ಮೀಟರಿನ ಓಮ್ ಶ್ರೇಣಿಯಲ್ಲಿ ಹಿಡಿಯಲು ಹೋಗಬೇಡಿ, ಪಕ್ಕಪಕ್ಕದ ಪಟ್ಟಿಗಳ ನಡುವಿನ ರೋಧ ಅಗ್ಗದ ಮೀಟರಿಗೆ ನಿಲುಕದಷ್ಟು ಕಡಿಮೆ. ನಾನು ಮಾಡುವುದು ಹೀಗೆ: ಆರ್ಮೇಚರ್ ಹೊರತೆಗೆದು, 12 ವೋಲ್ಟಿನ ಬ್ಯಾಟರಿಗೆ ಕಾರಿನ 21 ವ್ಯಾಟ್ ಇಂಡಿಕೇಟರ್ ಬಲ್ಬನ್ನು ಸೀರೀಸ್ ಕೂಡಿಸಿ, ಆ ವಿದ್ಯುತ್ತನ್ನು ಎದುರುಬದುರಿನ ಎರಡು ಪಟ್ಟಿಗಳಿಗೆ ಕೊಡುತ್ತೇನೆ. ಮೀಟರನ್ನು 200 ಮಿಲಿವೋಲ್ಟ್ ಶ್ರೇಣಿಗೆ ಇಟ್ಟು ಪಕ್ಕಪಕ್ಕದ ಪಟ್ಟಿಗಳ ನಡುವೆ ಒಂದೊಂದಾಗಿ ಅಳೆಯುತ್ತ ಸುತ್ತು ಬರುತ್ತೇನೆ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಅಂಕಿ ಬಂದರೆ ಆರ್ಮೇಚರ್ ಚೆನ್ನಾಗಿದೆ. ಒಂದು ಕಡೆ ಅಂಕಿ ಕುಸಿದರೆ ಅಲ್ಲಿ ಶಾರ್ಟ್. ಒಂದು ಕಡೆ ಅಂಕಿ ಎಲ್ಲಕ್ಕಿಂತ ಬಹಳ ಜಿಗಿದು, ಅದೇ ಬದಿಯ ಉಳಿದ ಪಟ್ಟಿಗಳ ನಡುವೆ ಸೊನ್ನೆ ಬಂದರೆ ಅಲ್ಲಿ ಸುರುಳಿ ಕಡಿದಿದೆ. ಕಡಿದದ್ದು ಪಟ್ಟಿಗೆ ಬೆಸೆದ ತುದಿಯಲ್ಲೇ ಆಗಿದ್ದರೆ ಬೆಸುಗೆ ಹಾಕಿ ಉಳಿಸಿಕೊಳ್ಳಬಹುದು. ಒಳಗೆ ಶಾರ್ಟ್ ಆಗಿದ್ದರೆ 900 ರೂಪಾಯಿಯ ಡ್ರಿಲ್ಲಿಗೆ ವೈಂಡಿಂಗ್ ಮಾಡಿಸುವುದರಲ್ಲಿ ಅರ್ಥವಿಲ್ಲ. ಚಕ್, ಸ್ವಿಚ್, ಬೇರಿಂಗ್ ಕಳಚಿ ಇಟ್ಟುಕೊಳ್ಳಿ.

ಫೀಲ್ಡ್ ಕಾಯಿಲ್‌ಗಳ ಪರೀಕ್ಷೆ ಸುಲಭ: ಎರಡರ ರೋಧವೂ ಕೆಲವೇ ಓಮ್, ಎರಡೂ ಸಮನಾಗಿರಬೇಕು.

ಮುಚ್ಚುವ ಮೊದಲಿನ ಪರೀಕ್ಷೆ

ಇದನ್ನು ಬಿಟ್ಟು ಯಂತ್ರವನ್ನು ಯಾರ ಕೈಗೂ ಕೊಡಬೇಡಿ. ಮೀಟರನ್ನು 20 ಮೆಗಾ ಓಮ್ ಶ್ರೇಣಿಗೆ ಇಟ್ಟು, ಒಂದು ಕಡ್ಡಿಯನ್ನು ಚಕ್ಕಿನ ಲೋಹಕ್ಕೂ ಇನ್ನೊಂದನ್ನು ಪ್ಲಗ್ಗಿನ ಕಾಲುಗಳಿಗೆ ಒಂದೊಂದಾಗಿಯೂ ಹಿಡಿದು, ಸ್ವಿಚ್ ಒತ್ತಿ ನೋಡಿ. ಆಮೇಲೆ ಕಡ್ಡಿಯನ್ನು ಪ್ಲಗ್ಗಿನಿಂದ ತೆಗೆದು ಕಾರ್ಬನ್ ಗೂಡುಗಳಿಗೆ ನೇರವಾಗಿ ಹಿಡಿಯಿರಿ, ಏಕೆಂದರೆ ಟ್ರಯಾಕ್ ಇಲ್ಲಿಯೂ ಅಡ್ಡ ನಿಲ್ಲುತ್ತದೆ. ಏನೂ ಅಂಕಿ ಬರಬಾರದು. ಬಂದರೆ ಒಳಗೆ ತೇವವೋ ಕಾರ್ಬನ್ ಪುಡಿಯೋ ಸೋರಿಕೆಯ ದಾರಿ ಮಾಡಿದೆ. ತದಡಿ ಬಂದರಿನಲ್ಲಿ ಬೋಟುಗಳ ಎಂಜಿನ್ ಕೆಲಸ ಮಾಡುವ ನೆರೆಯ ಅಣ್ಣನಲ್ಲಿ 500 ವೋಲ್ಟಿನ ಮೆಗ್ಗರ್, ಅಂದರೆ ಇನ್ಸುಲೇಷನ್ ಪರೀಕ್ಷಿಸುವ ಸಾಧನ, ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ ಅವರಿಗೆ ತುಸು ಬಿಡುವು. ನನ್ನ ಪರೀಕ್ಷೆಗಳೆಲ್ಲ ಆ ಎರಡು ತಿಂಗಳಲ್ಲಿ. ಮೀಟರ್ ಕಾಣದ ಸೋರಿಕೆಯನ್ನೂ ಮೆಗ್ಗರ್ ಕಾಣುತ್ತದೆ.

ತೇವವೇ ಕಾರಣವಾದರೆ ಒಣಗಿಸಿದರೆ ಸಾಕು. ಬಚ್ಚಲೊಲೆಯ ಮೇಲಿನ ಗೂಡಿನಲ್ಲಿ, ಹೊಗೆ ತಾಗದ ಕಡೆ, ಆರ್ಮೇಚರ್ ಮತ್ತು ಫೀಲ್ಡನ್ನು ಒಂದು ಹಗಲು ಇಡುತ್ತೇನೆ. ಒಲೆ ಇಲ್ಲದ ಮನೆಯವರು ರಟ್ಟಿನ ಪೆಟ್ಟಿಗೆಯಲ್ಲಿ ತಂತಿ ಬಲ್ಬು ಹೊತ್ತಿಸಿ, ರಟ್ಟಿಗೆ ತಾಗದಂತೆ, ನಿಮ್ಮ ಕಣ್ಣೆದುರಲ್ಲೇ ಇಟ್ಟು ಒಣಗಿಸಬಹುದು. ಕೈಗೆ ಚುರುಕ್ಕೆನ್ನುವ ಬಿಸಿ ಸಾಕು, ಪ್ಲಾಸ್ಟಿಕ್ ಮೆತ್ತಗಾಗುವಷ್ಟು ಬೇಡ. ಇಂಥ ಡ್ರಿಲ್‌ಗಳ ಚೀಟಿಯಲ್ಲಿ ಚೌಕದೊಳಗೊಂದು ಚೌಕದ ಗುರುತು ಇರುತ್ತದೆ. ಎರಡು ಪದರದ ಇನ್ಸುಲೇಷನ್ ಇದೆ, ಅರ್ತಿಂಗ್ ಬೇಡ ಎಂದು ಅದರ ಅರ್ಥ. ಹಾಗಾಗಿ ಒಳಗಿನ ಒಂದೊಂದು ಪ್ಲಾಸ್ಟಿಕ್ ತುಂಡೂ ಮೊದಲಿದ್ದಲ್ಲಿಯೇ ಕೂರಬೇಕು. ಬಿಚ್ಚುವಾಗಲೇ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ, ವೈರು ಯಾವ ಕಾಲುವೆಯಲ್ಲಿ ಹಾದಿತ್ತು ಎಂಬುದು ಆಮೇಲೆ ನೆನಪಿರುವುದಿಲ್ಲ.

ಬೇರಿಂಗ್ ಹೋಗಿದ್ದರೆ ಅದರ ಬದಿಯಲ್ಲಿ ಕೊರೆದ ಅಂಕಿ ಓದಿ ಅದನ್ನೇ ಕೇಳಿ. 608 ಎಂದರೆ ಒಳಗೆ 8, ಹೊರಗೆ 22, ದಪ್ಪ 7 ಮಿಲಿಮೀಟರ್. 607 ಅದಕ್ಕಿಂತ ಚಿಕ್ಕದು, 7, 19, 6. ನಮ್ಮ ಗಾಳಿಗೆ ರಬ್ಬರ್ ಮುಚ್ಚಳದ್ದೇ ಒಳ್ಳೆಯದು. ಗೇರಿನ ಡಬ್ಬಿಗೆ ಗ್ರೀಸನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಬಿಸಿಯಾಗಿ ಕಮ್ಯುಟೇಟರ್ ಕಡೆಗೆ ಹರಿಯುತ್ತದೆ. ಚಕ್ ಬಿಚ್ಚುವವರು ಮೊದಲು ಅದರ ಬಾಯಿ ಪೂರ್ತಿ ತೆರೆದು ಒಳಗೆ ನೋಡಿ. ಎಡಕ್ಕೂ ತಿರುಗುವ ಡ್ರಿಲ್‌ಗಳಲ್ಲಿ ತಳದಲ್ಲಿ ಒಂದು ಸ್ಕ್ರೂ ಇರುತ್ತದೆ, ಅದು ಎಡಮರೆಯದು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.

ಎಲ್ಲ ಜೋಡಿಸಿ ಸೀರೀಸ್ ಬಲ್ಬಿಗೆ ಹಾಕಿದೆ. ಸ್ವಿಚ್ ಒತ್ತಿದಾಗ ಬಲ್ಬು ಹೊತ್ತಿತು, ಚಕ್ ಮೆಲ್ಲಗೆ ಹೊರಳಿತು. ಆಮೇಲೆ ಗೋಡೆಯ ಸಾಕೆಟ್ಟಿಗೆ ಹಾಕಿ ಉಳಿದಿದ್ದ ನಾಲ್ಕನೆಯ ತೂತು ಕೊರೆದೆ. ಚಿರೆಕಲ್ಲು ಮೆತ್ತಗಿನ ಕಲ್ಲು, ಅದಕ್ಕೆ ಹ್ಯಾಮರ್ ಬೇಕಿಲ್ಲ. ಹ್ಯಾಮರ್ ಹಾಕಿದರೆ ತೂತು ಹಿಗ್ಗಿ ಸ್ಕ್ರೂ ಕೂರಿಸುವ ಗೋಡೆಯ ಪ್ಲಗ್ ಸಡಿಲವಾಗುತ್ತದೆ, ಧೂಳೂ ಹೆಚ್ಚು. ಈಗ ಯಂತ್ರದ ಗಾಳಿ ಕಿಂಡಿಗಳು ಧೂಳಿಗೆ ಬೆನ್ನು ಮಾಡುವಂತೆ ಹಿಡಿಯುತ್ತೇನೆ, ತಲೆಯ ಮೇಲೆ ಕೊರೆಯುವಾಗ ಹೆಂಡತಿ ತೂತಿನ ಕೆಳಗೆ ಹಳೆಯ ತಗಡಿನ ಡಬ್ಬಿ ಹಿಡಿಯುತ್ತಾಳೆ.

ಮುಂದಿನ ರವಿವಾರ ಕಾರವಾರದ ಅದೇ ಕಪಾಟಿನ ಮುಂದೆ ನಿಂತಾಗ ಅದೇ ಬಗೆಯ ಇನ್ನೊಂದು ಡ್ರಿಲ್ ಅಲ್ಲಿತ್ತು. ಓಡಿಸಿ ನೋಡುವ ಮೊದಲು ಮುಚ್ಚಳ ಬಿಚ್ಚಲು ಒಪ್ಪಿಗೆ ಕೇಳಿದೆ. “ನೋಡಿ, ನೋಡಿ, ನೋಡಲಿಕ್ಕೆ ದುಡ್ಡಿಲ್ಲ” ಎಂದರು ಅಂಗಡಿಯವರು. ಎರಡೂ ಕಾರ್ಬನ್ ಜಾರಿ ಅಂಗೈಗೆ ಬಂದವು, ಗೂಡು ಹಳದಿಯಾಗಿ ಹೊಳೆಯುತ್ತಿತ್ತು. ಚಕ್ ಅಲುಗಾಡಿಸಿದೆ, ಬೇರಿಂಗ್ ಬಿಗಿಯಾಗಿತ್ತು. ವೈರಿನ ತುದಿ ಕೆರೆದೆ, ಒಳಗೂ ಕೆಂಪೇ. ಶಿರಸಿಗೆ ಫೋನು ಮಾಡಿ, ಭಾವನಿಗೆಂದು ಅದನ್ನು ಕೊಂಡೆ, ಜೊತೆಗೆ ಅದೇ ಅಳತೆಯ ಎರಡು ಜೊತೆ ಕಾರ್ಬನ್.